ಕೊಟ್ರವ್ವನ ಸೂರು, ಚಮನ್‌ಸಾಬರ ಗೋಡೆ

ಹೂಂಗುಟ್ಟೋರು ಇದ್ದರೆ ಹೇಳ್ತೀನಿ, ನಿದ್ದೆ ಹೊಡೆಯೋರು ಆಚೆ ಹೋಗಿ.

ಒಂದಾನೊಂದು ಊರಿನಲ್ಲಿ, ಅದೂ ಪೂರ್ತಿ ಊರಲ್ಲ, ಮುಕ್ಕಾಲು ಕಟ್ಟಿ ಬಿಟ್ಟ ಊರಿನಲ್ಲಿ, ಕೊಟ್ರವ್ವ ಅಂತ ಮಂಡಕ್ಕಿ ಹುರಿಯುವವಳೊಬ್ಬಳಿದ್ದಳು. ಆ ಊರಲ್ಲಿ ಮುಗಿದ ಮನೆ ಅಂತ ಒಂದೂ ಇರಲಿಲ್ಲ. ಒಂದಕ್ಕೆ ಮೆಟ್ಟಿಲಿದ್ದರೆ ಮಹಡಿ ಇರಲಿಲ್ಲ. ಇನ್ನೊಂದಕ್ಕೆ ಕಿಟಕಿಯಿದ್ದರೆ ಗೋಡೆ ಇರಲಿಲ್ಲ. ಆ ಮನೆಯವರು ಪಾಪ, ದಿನಾ ಬೆಳಿಗ್ಗೆ ಕಿಟಕಿ ತೆಗೆದು, ಸಂಜೆ ಸೊಳ್ಳೆ ಬರುತ್ತವೆ ಅಂತ ತಪ್ಪದೆ ಮುಚ್ಚುತ್ತಿದ್ದರು. ಅಷ್ಟೂ ಮನೆಗಳನ್ನು ಹಿಡಿದವನು ಒಬ್ಬನೇ ಗುತ್ತಿಗೆದಾರ. ಅವನ ಹೆಸರು ಬಕ್ಕಪ್ಪ. ಬಲು ಒಳ್ಳೆಯವನು. ಯಾರಿಗೂ ಇಲ್ಲ ಅಂದವನಲ್ಲ. ಬರ್ತೀನಿ ಅನ್ನುತ್ತಿದ್ದ, ಅಷ್ಟೆ.

ಕೊಟ್ರವ್ವ ಇಪ್ಪತ್ತೆರಡು ವರ್ಷದಲ್ಲಿ ಹನ್ನೊಂದು ಬಾಡಿಗೆ ಮನೆ ಕಂಡವಳು. ಒಬ್ಬ ಮಾಲೀಕ ಗೋಡೆಗೆ ಮೊಳೆ ಹೊಡೆದಳು ಅಂತ ಬಿಡಿಸಿದ. ಇನ್ನೊಬ್ಬ, ಮೊಳೆ ಹೊಡೆಯಬೇಕು ಅಂತ ಮನಸ್ಸಿನಲ್ಲಿ ಅಂದುಕೊಂಡಳು ಅಂತ ಬಿಡಿಸಿದ. ಹನ್ನೊಂದನೆಯವಳು, ನೀನು ಮಂಡಕ್ಕಿ ಹುರಿಯುವ ಸದ್ದಿಗೆ ನಮ್ಮ ಕೋಳಿ ಮೊಟ್ಟೆಯಲ್ಲ, ಬರೀ ಸಿಪ್ಪೆ ಇಡುತ್ತಿದೆ ಅಂದಳು. ಅವತ್ತು ಕೊಟ್ರವ್ವ ಬಾಣಲೆ ಕೆಳಗಿಟ್ಟು, ಸೆರಗಿನ ಗಂಟು ಬಿಚ್ಚಿ, ಬಕ್ಕಪ್ಪನಿಗೆ ಹೇಳಿ ಕಳಿಸಿದಳು.

ಹೊಸ ಕೆಲಸಕ್ಕೆ ಬಕ್ಕಪ್ಪ ಕರೆದ ಗಳಿಗೆಯಲ್ಲೇ ಬರುತ್ತಿದ್ದ. ಬಂದ. ಅವನ ಎಸ್ಟಿಮೇಟು ಸೀರೆಯಷ್ಟು ಉದ್ದ ಇತ್ತು. ಒಂದು ತುದಿ ಅವನು ಹಿಡಿದ, ಇನ್ನೊಂದು ತುದಿ ಇವಳು ಹಿಡಿದಳು.

"ನನಗೆ ತಲೆ ಮೇಲೊಂದು ಸೂರು ಬೇಕು ಬಕ್ಕಣ್ಣ. ದುಂದು ಮಾಡೋಳಲ್ಲ ನಾನು. ಈ ಪಾಯಕ್ಕೆ ಇಷ್ಟ್ಯಾಕೆ ಬರ್ದೀಯ?"

"ಪಾಯ ಭೂಮಿ ಒಳಗೆ ಹೋಗ್ತದಲ್ಲ ಅಕ್ಕಾರೆ."

"ಒಳಗೆ ಹೋದ್ರೆ ಯಾರಿಗೆ ಕಾಣ್ತದೆ?"

"ಯಾರಿಗೂ ಕಾಣಲ್ಲ."

"ಕಾಣದ್ದಕ್ಕೆ ದುಡ್ಡು ಕೊಡೋಕೆ ನನಗೇನು ಹುಚ್ಚಾ? ಹೊಡೆದು ಹಾಕು ಅದನ್ನ."

ಬಕ್ಕಪ್ಪ ಹೊಡೆದು ಹಾಕಿದ.

"ಗೋಡೆಗೆ ಯಾಕಿಷ್ಟು?"

"ಸೂರು ನಿಲ್ಲೋಕೆ ಗೋಡೆ ಬೇಕಲ್ಲ ಅಕ್ಕಾರೆ."

"ಮೊದ್ಲು ಸೂರು ಆಗ್ಲಿ. ಅದು ನಿಲ್ತದೋ ಇಲ್ವೋ ನೋಡ್ಕೊಂಡು ಆಮೇಲೆ ಗೋಡೆ ಮಾತಾಡಣ."

ಬಕ್ಕಪ್ಪ ಗೋಡೆಯನ್ನೂ ಹೊಡೆದು ಹಾಕಿದ. ಗೋಡೆ ಹೋದ ಮೇಲೆ ಬಾಗಿಲು ಯಾಕೆ, ಕಿಟಕಿ ಯಾಕೆ. ಅವೂ ಹೋದವು. ಸೀರೆಯಷ್ಟಿದ್ದ ಎಸ್ಟಿಮೇಟು ಕರವಸ್ತ್ರದಷ್ಟಾಯಿತು. ಕೊಟ್ರವ್ವನಿಗೆ ಬದನೆಕಾಯಿ ಚೌಕಾಸಿಯಲ್ಲೂ ಇಷ್ಟು ಸುಖ ಸಿಕ್ಕಿರಲಿಲ್ಲ. ಅಷ್ಟೂ ಹೊತ್ತು ಬಕ್ಕಪ್ಪ ತಲೆ ಆಡಿಸುತ್ತಲೇ ಇದ್ದ. ಗುತ್ತಿಗೆದಾರ ತಲೆ ಆಡಿಸುತ್ತಿದ್ದಾನೆ ಅಂದರೆ ಎಚ್ಚರವಾಗಿರಬೇಕು ಅಂತ ಅವಳಿಗೆ ಯಾರೂ ಹೇಳಿರಲಿಲ್ಲ. ಹೇಳಬೇಕಾದವರೆಲ್ಲ ಕಿಟಕಿ ಮುಚ್ಚುವುದರಲ್ಲಿದ್ದರು.

ಎಂಟು ದಿನದಲ್ಲಿ ಸೂರು ತಯಾರಾಯಿತು. ಗಟ್ಟಿ ತಾರಸಿ, ನುಣ್ಣಗೆ ಗಾರೆ. ಆದರೆ ಅದು ನೆಲದ ಮೇಲೆ ಮಲಗಿತ್ತು.

"ಇದರ ಕೆಳಗೆ ನಾನು ಹೆಂಗೆ ಹೋಗ್ಲಿ?" ಅಂದಳು ಕೊಟ್ರವ್ವ.

"ಎತ್ತಿಸ್ತೀನಿ," ಅಂದ ಬಕ್ಕಪ್ಪ. ಎಂಟು ಜನ ಆಳುಗಳನ್ನು ಕರೆದ. ಅವರು ಸೂರನ್ನು ಎತ್ತಿ, ಎರಡೂ ಕೈ ಮೇಲೆ ಮಾಡಿ ಹಿಡಿದು ನಿಂತರು. ಅಷ್ಟು ಭಾರ ಎಂಟು ಜನಕ್ಕೆ ಹೇಗೆ ಎದ್ದಿತು ಅಂತ ಕೇಳಬೇಡಿ. ಕತೆಯಲ್ಲಿ ಏಳುತ್ತೆ, ಎಸ್ಟಿಮೇಟಿನಲ್ಲೂ ಏಳುತ್ತೆ.

"ಇಟ್ಟಿಗೆ ಗೂಡಿಗೆ ಹೋಗಿ ಗೋಡೆ ತಗೊಂಡು ಬಂದೆ. ಅಲ್ಲಿ ತನಕ ಇವರು ಹಿಡ್ಕೊಂಡಿರ್ತಾರೆ. ದಿನದ ಕೂಲಿ ಮಾತ್ರ ನೀವು ನೋಡ್ಕೊಳ್ಳಿ," ಅಂತ ಹೇಳಿ, ಗೋಡೆಗೆ ಅಂತ ಅಡ್ವಾನ್ಸು ಇಸಕೊಂಡು ಬಕ್ಕಪ್ಪ ಹೋದ. ಹೋದವನು ಹೋದ.

ಕೊಟ್ರವ್ವ ಒಳಗೆ ಬಾಣಲೆ ಇಟ್ಟಳು. ಮೂರು ದಿನ ಅವಳಷ್ಟು ಸುಖಿ ಲೋಕದಲ್ಲಿ ಯಾರೂ ಇರಲಿಲ್ಲ. ವಾಸ್ತು ಹೇಳುವವನು ಬಂದು ಮನೆ ಮುಖ ಮೂಡಲಿಗೆ ಇರಬೇಕಿತ್ತು ಅಂದ. "ಸ್ವಲ್ಪ ತಿರುಗ್ರಪ್ಪ," ಅಂದಳು. ಎಂಟು ಜನ ತಿರುಗಿದರು. ಎರಡು ಅಡಿ ದಾರಿಗೆ ಬಂದಿದೆ ಅಂತ ನೆರೆಯವನು ಜಗಳ ತೆಗೆದ. "ಸರೀರಪ್ಪ," ಅಂದಳು. ಸರಿದರು. ಕ್ಯಾಲೆಂಡರು ನೇತು ಹಾಕಬೇಕೆನಿಸಿತು. ಮೂಡಲ ಕಡೆ ನಿಂತಿದ್ದ ಉಚ್ಚೆಂಗಪ್ಪನ ಕೊರಳಿಗೆ ನೇತು ಹಾಕಿದಳು.

ನಾಲ್ಕನೇ ದಿನ ಉಚ್ಚೆಂಗಪ್ಪ ಅಂದ, "ಅವ್ವ, ಮೂಗು ಕೆರೀತೈತೆ."

ಎರಡೂ ಕೈ ಮೇಲಿದ್ದವಲ್ಲ. ಕೊಟ್ರವ್ವನೇ ಹೋಗಿ ಕೆರೆದಳು. ಅದನ್ನು ನೋಡಿ ಬಡಗಲವನಿಗೂ ಕೆರೆಯಿತು. ಪಡುವಲವನಿಗೆ ಬೆನ್ನು. ಹೊಟ್ಟೆಗೂ ಅವಳೇ ತುತ್ತು ಮಾಡಿ ಇಡಬೇಕಿತ್ತು. ಬೆಳಿಗ್ಗೆ ಎದ್ದರೆ ಎಂಟು ಬಾಯಿ, ಎಂಟು ಮೂಗು, ಎಂಟು ಬೆನ್ನು. ಮಂಡಕ್ಕಿ ಹುರಿಯಲು ಹೊತ್ತೇ ಇಲ್ಲ. ಹುರಿದಷ್ಟೂ ಗೋಡೆಗಳೇ ತಿನ್ನುತ್ತಿದ್ದವು.

ಇನ್ನು ಆ ಸೀಮೆಯ ಅರಸ. ಅವನಿಗೆ ಯುದ್ಧ ಬೇಡ, ಬೇಟೆ ಬೇಡ, ಮನೆಗಳಿಗೆ ನಂಬರು ಹಾಕುವುದೊಂದೇ ಹುಚ್ಚು. ಅವನ ಗುಮಾಸ್ತ ನಲವತ್ತೆರಡು ಅಂತ ಬರೆದ ತಗಡು, ಸುತ್ತಿಗೆ, ಮೊಳೆ ಹಿಡಿದು ಬಂದ. ಗೋಡೆ ಹುಡುಕಿದ. ಸಿಗಲಿಲ್ಲ. ಉಚ್ಚೆಂಗಪ್ಪನ ಎದೆಗೆ ಮೊಳೆ ಇಟ್ಟ.

"ಅದು ಎದೆ ಸ್ವಾಮಿ," ಅಂದ ಉಚ್ಚೆಂಗಪ್ಪ.

ಗುಮಾಸ್ತ ಗಲ್ಲ ಕೆರೆದುಕೊಂಡು ಯೋಚನೆ ಮಾಡಿದ. ಆಮೇಲೆ ಕೂತು ಹುಕುಂ ಬರೆದ: ಸದರಿ ಮನೆಗೆ ಗೋಡೆ ಇಲ್ಲದ ಕಾರಣ ಸದರಿ ಎಂಟು ಜನರನ್ನು ಇವತ್ತಿನಿಂದ ಗೋಡೆ ಎಂದು ತಿಳಿಯತಕ್ಕದ್ದು. ತಗಡಿಗೆ ದಾರ ಕಟ್ಟಿ ಉಚ್ಚೆಂಗಪ್ಪನ ಕೊರಳಿಗೆ ಕ್ಯಾಲೆಂಡರಿನ ಪಕ್ಕ ಹಾಕಿದ. ಸಂಜೆ ಕೊಟ್ರವ್ವ ಕೂಲಿ ಕೊಡಲು ಹೋದರೆ ಗುಮಾಸ್ತ ಕೈ ಹಿಡಿದ.

"ಏನಮ್ಮ, ಗೋಡೆಗೆ ದುಡ್ಡು ಕೊಡ್ತೀಯ? ಅದು ಲಂಚ ಆಗ್ತದೆ."

ಕೊಟ್ರವ್ವನಿಗೆ ಮೊದಲು ಹಗುರ ಅನಿಸಿತು. ಖರ್ಚು ಉಳಿಯಿತಲ್ಲ. ಆಮೇಲೆ ಉಚ್ಚೆಂಗಪ್ಪನ ಮುಖ ನೋಡಿದಳು. ಅವತ್ತು ಅವನ ತುತ್ತಿಗೆ ಒಂದು ಚೂರು ಬೆಲ್ಲ ಸೇರಿಸಿದಳು.

ಗೋಡೆಗೂ ಕಿವಿ ಇರ್ತವೆ ಅಂತಾರೆ. ಕೊಟ್ರವ್ವನ ಗೋಡೆಗೆ ಹದಿನಾರು ಕಿವಿ, ಮೇಲೆ ಎಂಟು ಬಾಯಿ. ಬೆಳಿಗ್ಗೆ ಅವಳು ಗೊಣಗಿದ್ದು ಮಧ್ಯಾಹ್ನಕ್ಕೆ ಸಂತೆಯಲ್ಲಿ ಮಾರಾಟವಾಗುತ್ತಿತ್ತು. "ಸಾರಿಗೆ ಉಪ್ಪು ಕಮ್ಮಿ," ಅನ್ನುತ್ತಿತ್ತು ಬಡಗಲ ಗೋಡೆ. ತೆಂಕಲ ಗೋಡೆ ಹಾಡುತ್ತಿತ್ತು, ಅದೂ ಅಪಸ್ವರದಲ್ಲಿ. ಗುಮಾಸ್ತ ಮತ್ತೆ ಬಂದು, ಗೋಡೆ ಬೆವರುತ್ತಿದೆ, ಇದು ಕಳಪೆ ಕಾಮಗಾರಿ, ಸುಣ್ಣ ಬಳಿಸಿ ಅಂದ. ಎಂಟು ಜನಕ್ಕೂ ಸುಣ್ಣ ಬಳಿದರು.

ಸುಣ್ಣ ಒಣಗುವ ಹೊತ್ತಿಗೆ ಮೂರು ತಿಂಗಳಾಗಿತ್ತು. ಉಚ್ಚೆಂಗಪ್ಪ ಅಂದ, "ಅವ್ವ, ನೀ ಕೂಲಿ ಕೊಡಂಗಿಲ್ಲ, ನಾವು ಕೈ ಬಿಡಂಗಿಲ್ಲ. ಬಿಟ್ರೆ ನೀ ಕೆಳಗಿದೀಯ. ನಾವು ಬಕ್ಕಪ್ಪನ್ನ ಹುಡ್ಕಂಡು ಹೋಗ್ತೀವಿ."

"ಹೋಗ್ರಪ್ಪ. ಸೂರು?"

"ಕೈಯಾಗೈತಲ್ಲ. ಅದೂ ಬರ್ತದೆ."

ಹೀಗೆ ಮನೆ ಹೊರಟಿತು. ಮನೆ ಬಿಟ್ಟು ಹೋದ ಗಂಡಸರ ಕತೆ ನೀವು ಕೇಳಿದ್ದೀರಿ. ಮನೆಯೇ ಬಿಟ್ಟು ಹೊರಟರೆ ಹೆಂಗಸು ಏನು ಮಾಡಬೇಕು? ಕೊಟ್ರವ್ವ ಬಾಣಲೆ ತಲೆ ಮೇಲಿಟ್ಟುಕೊಂಡು ನಡುಮನೆಯಲ್ಲೇ ನಡೆದಳು.

ದಾರಿಯಲ್ಲಿ ಮೆಟ್ಟಿಲು ಮಾತ್ರ ಇದ್ದ ಮನೆಯವನನ್ನು ಕೇಳಿದರು, "ಬಕ್ಕಪ್ಪನ್ನ ಕಂಡ್ರಾ?"

ಅವನು ಕೊನೆಯ ಮೆಟ್ಟಿಲ ಮೇಲೆ ಕೂತು ಚಾ ಕುಡಿಯುತ್ತಿದ್ದ. "ನಾಳೆ ಬರ್ತೀನಿ ಅಂದವ್ನೆ."

"ಯಾವಾಗ ಅಂದ?"

"ಏಳು ವರ್ಷ ಆತು."

ಕಿಟಕಿ ಮನೆಯವರು ಕಿಟಕಿ ತೆರೆದು, ಸಿಕ್ಕರೆ ನಮಗೂ ಹೇಳಿ ಅಂದು, ಮತ್ತೆ ಕಿಟಕಿ ಮುಚ್ಚಿಕೊಂಡರು.

ಊರಾಚೆ ನಾಲ್ಕು ಗೋಡೆ ನಿಂತಿದ್ದವು. ಅದರ ನೆರಳಲ್ಲಿ ಬಕ್ಕಪ್ಪ ಕಾಲು ಚಾಚಿ ಮಲಗಿದ್ದ. ಗೋಡೆಯ ಒಳಗಿಂದ ಯಾರೋ ಬೈಯುತ್ತಿದ್ದರು. ಬೈಯುತ್ತಿದ್ದವರು ಗಾದಿ ಹೊಲಿಯುವ ಚಮನ್‌ಸಾಬರು. ಹಿಂಜಿದ ಹತ್ತಿ ಗಾಳಿಗೆ ಹಾರದಂತೆ ನಾಲ್ಕು ಗೋಡೆ ಕಟ್ಟಿಕೊಡು, ಅಷ್ಟೇ ಸಾಕು ಅಂತ ಅವರೂ ಖರ್ಚು ಉಳಿಸಿದ್ದರು. ಬಕ್ಕಪ್ಪ ನಾಲ್ಕು ಗೋಡೆ ಕಟ್ಟಿದ್ದ. ಬಾಗಿಲು ಅವರು ಕೇಳಿರಲಿಲ್ಲ. ಏಣಿ ಹಾಕಿ ಒಳಗೆ ಇಳಿದಿದ್ದರು. ಹತ್ತಿ ಪಕ್ಕಕ್ಕೆ ಹಾರದೆ ನೇರವಾಗಿ ಮೇಲಕ್ಕೆ ಹಾರಿ ಹೋಗುತ್ತಿತ್ತು.

ಬಕ್ಕಪ್ಪನಿಗೆ ಗಾಬರಿ ಅನ್ನುವುದೇ ಇಲ್ಲ. ಎದ್ದು ಮೈ ಕೊಡವಿದ. "ಬಂದ್ರಾ ಅಕ್ಕಾರೆ. ನಿಮ್ಮನ್ನೇ ಕಾಯ್ತಿದ್ದೆ. ನೋಡಿ, ಗೋಡೆ ರೆಡಿ. ಭಾರ ಐತೆ, ಹೊತ್ತು ತರೋದು ಹೆಂಗೆ ಅಂತ ಕೂತಿದ್ದೆ. ಇಡ್ರಪ್ಪ ಮೇಲೆ."

ಎಂಟು ಜನ ಇಟ್ಟರು. ಕೂದಲೆಳೆ ಸಂದಿಲ್ಲದೆ ಕೂತಿತು. ಬಕ್ಕಪ್ಪನಿಗೆ ಗೊತ್ತಿದ್ದದ್ದೇ ಒಂದು ಅಳತೆ. ಒಳಗೆ ಕತ್ತಲಾಯಿತು. ಚಮನ್‌ಸಾಬರ ಬೈಗುಳ ಸಣ್ಣಗಾಯಿತು.

ಅಷ್ಟರಲ್ಲಿ ಅರಸನೇ ಓಡಿ ಬಂದ. ನಲವತ್ತೊಂದಾದ ಮೇಲೆ ನಲವತ್ತಮೂರು ಬಂದರೆ ಅವನಿಗೆ ಊಟ ಸೇರುತ್ತಿರಲಿಲ್ಲ. "ಈ ಮನೆ ಯಾರದು? ತಗಡು ಯಾರಿಗೆ ಕಟ್ಟಲಿ?" ಅಂದ.

"ನಂದು ಬುದ್ಧಿ, ಸೂರು ನಂದು," ಅಂದಳು ಕೊಟ್ರವ್ವ.

"ಗೋಡೆ ನಂದು," ಅಂತ ಒಳಗಿಂದ ಸಣ್ಣ ದನಿ ಬಂತು.

ಬಕ್ಕಪ್ಪ ಕೈ ಮುಗಿದ. "ಮಹಾಸ್ವಾಮಿ, ಅಕ್ಕಾರು ಸೂರು ಕೇಳಿದ್ರು, ಕೊಟ್ಟೆ. ಸಾಬ್ರು ಗೋಡೆ ಕೇಳಿದ್ರು, ಕೊಟ್ಟೆ. ನಡುವಿನ ಪೊಳ್ಳನ್ನ ಯಾರೂ ಕೇಳಲಿಲ್ಲ. ಹಂಗಾಗಿ ಅದು ನಂದು. ಒಳಗಿರೋ ಸಾಬ್ರು ನನಗೆ ಬಾಡಿಗೆ ಕೊಡ್ಬೇಕಾಗ್ತದೆ."

ಅರಸನಿಗೆ ಈ ಮಾತು ಬಹಳ ಚೆನ್ನಾಗಿ ಕಂಡಿತು. ಒಂದು ಮನೆಗೆ ಮೂರು ನಂಬರು ಹಾಕಬಹುದಲ್ಲ. "ನ್ಯಾಯವಾಗಿದೆ," ಅಂದ. "ಪೊಳ್ಳು ಬಕ್ಕಪ್ಪನದು."

ಕೊಟ್ರವ್ವ ಬಾಣಲೆ ಕೆಳಗಿಟ್ಟಳು. ಅಳಲಿಲ್ಲ. ಬದನೆಕಾಯಿ ಕೇಳುವ ದನಿಯಲ್ಲೇ ಕೇಳಿದಳು.

"ಪೊಳ್ಳು ಬಕ್ಕಣ್ಣನದೇ ಆಗ್ಲಿ ಬುದ್ಧಿ. ನನ್ನ ಸೂರು ನೆಲದ ಮೇಲೆ ಮಲಗಿದ್ರೂ ಸೂರೇ ಅಲ್ವಾ?"

"ಹೌದು, ಸೂರೇ."

"ಈ ಎಂಟು ಜನ ಅದನ್ನ ಮೂರು ತಿಂಗಳು ಎತ್ತಿ ಹಿಡಿದದ್ದು ಯಾತಕ್ಕೆ? ಕೆಳಗೆ ಪೊಳ್ಳು ಇರಲಿ ಅಂತ. ಪೊಳ್ಳು ಅವನದಾದ್ರೆ ಅವರು ದುಡಿದದ್ದು ಅವನಿಗೆ. ಅವನ ಆಳುಗಳ ಮೂಗು ಕೆರೆದದ್ದು ನಾನು, ಉಣಿಸಿದ್ದು ನಾನು. ಮೂರು ತಿಂಗಳ ಕೂಲಿ, ಎಂಟು ಬಾಯಿಯ ಊಟ, ಎಂಟು ಮೂಗಿನ ಚಾಕರಿ, ಬಕ್ಕಣ್ಣ ಕೊಡ್ಲಿ."

ಬಕ್ಕಪ್ಪನ ತಲೆ ಮೊದಲ ಸಲ ಆಡುವುದನ್ನು ನಿಲ್ಲಿಸಿತು.

"ಗೋಡೆಗೆ ಕೂಲಿ ಕೊಡಂಗಿಲ್ಲ ಅಂತ ಹುಕುಂ ಐತಲ್ಲ," ಅಂದ ಮೆಲ್ಲಗೆ.

"ಸೂರು ಇಳಿಸಿದ ಮೇಲೆ ಅವರು ಗೋಡೆಯಲ್ಲ, ಮನುಷ್ಯರು," ಅಂತ ಅರಸ ಹೊಸ ಹುಕುಂ ಹೊರಡಿಸಿದ. ಎಂಟು ಜನಕ್ಕೆ ಇದನ್ನು ನಂಬಲು ಸ್ವಲ್ಪ ಹೊತ್ತು ಹಿಡಿಯಿತು. ಕೈಗಳು ಇನ್ನೂ ಮೇಲೇ ಇದ್ದವು. ಕೊಟ್ರವ್ವ ಒಬ್ಬೊಬ್ಬರದೇ ಹಿಡಿದು ಇಳಿಸಿದಳು. ಉಚ್ಚೆಂಗಪ್ಪ ಮೊದಲು ಮಾಡಿದ ಕೆಲಸ ತನ್ನ ಮೂಗು ತಾನೇ ಕೆರೆದುಕೊಂಡದ್ದು. ಅವನ ಕಣ್ಣಲ್ಲಿ ನೀರು ಬಂತು.

"ದುಡ್ಡು ನಾಳೆ ತರ್ತೀನಿ ಮಹಾಸ್ವಾಮಿ," ಅಂದ ಬಕ್ಕಪ್ಪ.

"ತರುವ ತನಕ ನಿನ್ನ ಪೊಳ್ಳಿನಲ್ಲೇ ಇರು," ಅಂದ ಅರಸ.

ಎಂಟು ಜನ ಸೇರಿ ಗೋಡೆಗೆ ಒಂದು ಕಂಡಿ ಕೊರೆದರು. ಮೈಯೆಲ್ಲ ಹತ್ತಿಯಾಗಿದ್ದ ಚಮನ್‌ಸಾಬರು ಹೊರಗೆ ಬಂದರು, ಬಕ್ಕಪ್ಪ ಒಳಗೆ ಹೋದ. ಕಂಡಿಗೆ ಕಂಬಿ ಬಿತ್ತು. ಕಂಬಿಯ ಮೇಲೆ ನಲವತ್ತೆರಡರ ತಗಡು ಬಿತ್ತು.

ಸುದ್ದಿ ಹಬ್ಬಿತು. ಕೂಗಿದರೆ ಓಗೊಡುವ ಗುತ್ತಿಗೆದಾರ ಒಬ್ಬನಿದ್ದಾನಂತೆ, ವಿಳಾಸವೂ ಇದೆಯಂತೆ, ಯಾವಾಗ ಹೋದರೂ ಇರುತ್ತಾನಂತೆ. ಮೊದಲು ಮೆಟ್ಟಿಲ ಮನೆಯವನು ಬಂದ, ಕಿಟಕಿಯವರು ಬಂದರು. ಆಮೇಲೆ ಏಳು ಸೀಮೆಯಿಂದ ಗಾಡಿ ಕಟ್ಟಿಕೊಂಡು ಬಂದರು. ಯಾರೂ ನಂಬಲಿಲ್ಲ. ಕಂಬಿಯೊಳಗೆ ಕೈ ಹಾಕಿ ಮುಟ್ಟಿ ನೋಡಿದರು. ಮಕ್ಕಳನ್ನು ಎತ್ತಿ ತೋರಿಸಿದರು. ಬಂದವರು ತಿನ್ನಬೇಕಲ್ಲ. ಕೊಟ್ರವ್ವ ಏಣಿ ಹತ್ತಿ ತನ್ನ ಸೂರಿನ ಮೇಲೆ ಒಲೆ ಹೂಡಿ ಮಂಡಕ್ಕಿ ಹುರಿದಳು. ಕೂರಬೇಕಲ್ಲ. ಚಮನ್‌ಸಾಬರು ಗೋಡೆಯ ಸುತ್ತ ಗಾದಿ ಹಾಸಿದರು. ಎಂಟು ಜನ ಸಾಲು ನಿಲ್ಲಿಸುವ ಕೆಲಸ ಹಿಡಿದರು. ನಿಲ್ಲುವುದರ ಬಗ್ಗೆ ಅವರಿಗೆ ಗೊತ್ತಿಲ್ಲದ್ದು ಏನಿತ್ತು?

"ನಮ್ಮ ಕಿಟಕಿಗೆ ಗೋಡೆ ಯಾವಾಗ ಬಕ್ಕಪ್ಪ?" ಅಂತ ಕೇಳಿದರೆ ಅವನು ಒಳಗಿಂದ ನಗುಮುಖದಲ್ಲಿ ಹೇಳುತ್ತಿದ್ದ, "ನಾಳೆ ಬನ್ನಿ." ಅವರೂ ಮರುದಿನ ತಪ್ಪದೆ ಬರುತ್ತಿದ್ದರು. ಬಂದಾಗ ಅವನು ಇರುತ್ತಿದ್ದ. ಮನೆ ಕಟ್ಟಿಸುವವರಿಗೆ ಇದಕ್ಕಿಂತ ದೊಡ್ಡ ಭಾಗ್ಯ ಯಾವ ಲೋಕದಲ್ಲೂ ಇಲ್ಲ.

ನೀತಿ ಏನು ಅಂತ ಕೇಳ್ತೀರಿ. ಮನೆ ಕಟ್ಟಿಸುವಾಗ ಸೂರು ಬರೆಸಿ, ಗೋಡೆ ಬರೆಸಿ, ಬಾಗಿಲು ಬರೆಸಿ, ನಡುವಿನ ಗಾಳಿಯನ್ನೂ ಹೆಸರು ಹಿಡಿದು ಬರೆಸಿ. ಅಷ್ಟೂ ಬರೆಸಿದ ಮೇಲೂ ಅವನು ತಲೆ ಆಡಿಸುತ್ತಿದ್ದರೆ ಎದ್ದು ಬನ್ನಿ.

ಅವರ ಮಂಡಕ್ಕಿ ಅವರ ಬಾಣಲೆಯಲ್ಲಿ ಸಿಡಿಯಲಿ. ನನ್ನ ಬಾಯಿ ಒಣಗಿತು, ನೀರು ಕೊಡಿ.