ಆಷಾಢದ ಸಂಬಳ

ಕೋಮಲಳಿಗೆ ಎಂ.ಎ. ಸೀಟು ಸಿಕ್ಕಿತ್ತು. ತರಗತಿ ಶುರುವಾಗುವುದು ಆಷಾಢದಲ್ಲಿ. ಅಲ್ಲಿಯವರೆಗೆ ಮನೆಯಲ್ಲಿ ಕೂತು ಅಮ್ಮನ ಕೈಲಿ ಬೈಸಿಕೊಳ್ಳುವ ಬದಲು ಒಂದು ಕೆಲಸ ಹಿಡಿಯೋಣವೆಂದು ತಿಪಟೂರಿನ ಒಂದು ಕಲ್ಯಾಣ ಮಂಟಪಕ್ಕೆ ಹೋದಳು. ಮದುವೆಗಳ ಕಾಲ, ಅಲ್ಲಿ ಆಫೀಸಿಗೆ ಜನ ಬೇಕಿತ್ತು.

ಮಾಲೀಕ ಗಂಗಾಧರಯ್ಯ ಮೀಸೆ ತಿರುವಿದರು. "ನೋಡಮ್ಮ, ಎರಡು ತಿಂಗಳು ಇದ್ದು ಓಡಿಹೋಗೋರು ನನಗೆ ಬೇಡ. ಇದ್ರೆ ವರ್ಷಪೂರ್ತಿ ಇರಬೇಕು. ನಮ್ಮಲ್ಲಿ ಶಿಸ್ತು ಅಂದ್ರೆ ಶಿಸ್ತು!"

"ಹಾಗಾದ್ರೆ ಆಷಾಢದಲ್ಲೂ ಸಂಬಳ ಕೊಡ್ತೀರಾ ಸಾರ್?"

ಗಂಗಾಧರಯ್ಯನವರ ಕೈ ಮೀಸೆಯಲ್ಲೇ ನಿಂತಿತು. ಆಷಾಢದಲ್ಲಿ ಯಾರು ಮದುವೆ ಮಾಡುತ್ತಾರೆ? ಆಗ ಮಂಟಪಕ್ಕೆ ಬರುವುದು ಪಾರಿವಾಳಗಳು ಮಾತ್ರ.

"ಆಷಾಢದಲ್ಲಿ ಇಲ್ಲೇನಮ್ಮ ಕೆಲಸ?"

"ಬಂದು ಕೂತಿರ್ತೀನಿ ಸಾರ್, ಫ್ಯಾನ್ ಹಾಕ್ಕೊಂಡು. ಶಿಸ್ತು ಅಂದ್ರೆ ಶಿಸ್ತು."

ಕರೆಂಟ್ ಬಿಲ್ಲೂ ಕಣ್ಣ ಮುಂದೆ ಬಂದಿರಬೇಕು, ಗಂಗಾಧರಯ್ಯ ಮೇಜು ಗುದ್ದಿದರು. "ಅದೆಲ್ಲ ಆಗಲ್ಲ! ಆಷಾಢ ಶುರುವಾದ ದಿನವೇ ನೀನು ಜಾಗ ಖಾಲಿ ಮಾಡಬೇಕು. ಒಪ್ಪಿದ್ರೆ ನಾಳೆಯಿಂದ ಬಾ."

ಕೋಮಲ ಸಪ್ಪೆ ಮುಖ ಮಾಡಿಕೊಂಡು ಒಪ್ಪಿದಳು.

ಅವರಿಗೂ ಪಾಪ ಅನ್ನಿಸಿತು. "ಬೇಜಾರು ಮಾಡ್ಕೋಬೇಡ ಕಣಮ್ಮ. ಆಮೇಲೆ ಸುಮ್ನೆ ಮನೇಲಿ ಕೂರಬೇಡ, ಮುಂದಕ್ಕೆ ಏನಾದ್ರೂ ಓದು."

"ನೀವು ಇಷ್ಟು ಹೇಳಿದ ಮೇಲೆ ಓದದೇ ಇರೋಕಾಗುತ್ತಾ ಸಾರ್?" ಎಂದಳು ಕೋಮಲ.