ಬೆನ್ನು ಹಾಕಿ ನೋಡಿದ ಆಟ

ಕಾವೇರಿ ದಂಡೆಯಲ್ಲಿ ಮುದ್ದಯ್ಯ ಮೇಷ್ಟ್ರ ಬ್ಯಾಸ್ಕೆಟ್‌ಬಾಲ್ ಅಂಕಣ. ಒಂದು ಹುಣಸೆಮರ, ಎರಡು ಕಲ್ಲುಬೆಂಚು, ತುಕ್ಕು ಹಿಡಿದ ಎರಡು ರಿಂಗು. ಊರಿನವರು ತಮಾಷೆಗೆ ಅದನ್ನು ಆಶ್ರಮ ಅನ್ನುತ್ತಿದ್ದರು. ಮೇಷ್ಟ್ರಿಗೆ ಗಡ್ಡವೂ ಇರಲಿಲ್ಲ, ಜಪವೂ ಇರಲಿಲ್ಲ. ಜೇಬಿನಲ್ಲಿ ಹುರಿದ ಕಡಲೆಕಾಯಿ ಮಾತ್ರ ಯಾವಾಗಲೂ ಇರುತ್ತಿತ್ತು.

ಮೂವತ್ತು ವರ್ಷ ಊರಿನ ಕ್ಲಬ್ಬಿಗೆ ಆಟಗಾರರನ್ನು ಆರಿಸಿಕೊಟ್ಟವರು ಅವರು. ಈ ವರ್ಷ ಆ ಕೆಲಸ ಶಿಷ್ಯೆ ಧರಣಿಯ ಹೆಗಲಿಗೆ ಬಿದ್ದಿತ್ತು.

ಮರುದಿನ ಲೀಗಿನ ಡ್ರಾಫ್ಟು. ಅಂದರೆ ತಂಡಗಳೆಲ್ಲ ಸರದಿಯಂತೆ ಕಾಲೇಜು ಹುಡುಗರನ್ನು ಆರಿಸಿಕೊಳ್ಳುವ ದಿನ. ಇವರ ಕ್ಲಬ್ಬಿಗೆ ಸಿಗುವುದು ಒಬ್ಬನೇ ಹುಡುಗ. ಅವನ ಹೆಸರು ಬರೆದು, ಸಹಿ ಹಾಕಿ, ಹಿಂದಿನ ದಿನವೇ ಸಂಜೆ ಐದರೊಳಗೆ ಧರಣಿ ಕಳಿಸಬೇಕು.

"ಹುಡುಗ ಸರಿಹೋಗ್ಲಿಲ್ಲ ಅಂದ್ರೆ ಮುಂದಿನ ವರ್ಷ ನಾವು ಬೇರೆಯವರನ್ನ ನೋಡ್ಕೋತೀವಮ್ಮ" ಎಂದು ಕ್ಲಬ್ಬಿನ ಕಾರ್ಯದರ್ಶಿ ನಗುನಗುತ್ತಲೇ ಹೇಳಿದ್ದರು. ಈ ಕೆಲಸವೆಂದರೆ ಅವಳಿಗೆ ಪ್ರಾಣ.

ಅಂದು ಆಶ್ರಮದಲ್ಲೇ ಕಾಲೇಜು ಹುಡುಗರ ಕೊನೆಯ ಆಟ. ಅರ್ಧ ಆಟ ಮುಗಿದು ಹುಡುಗರು ನೀರು ಕುಡಿಯಲು ಹೋದಾಗ ಅವಳು ಪುಸ್ತಕ ಹಿಡಿದು ಮೇಷ್ಟ್ರ ಹತ್ತಿರ ಬಂದಳು. ಅವರು ಆಟಕ್ಕೆ ಬೆನ್ನು ಹಾಕಿ, ಹೊಳೆಯ ಕಡೆ ಮುಖ ಮಾಡಿ ಕೂತು ಕಡಲೆಕಾಯಿ ಬಿಡಿಸುತ್ತಿದ್ದರು.

"ಪೃಥ್ವಿರಾಜ, ಆರಡಿ ಎಂಟಂಗುಲ" ಎಂದು ಅವಳು ಓದತೊಡಗಿದಳು. "ಎರಡೂ ಕೈ ಅಗಲಿಸಿದ್ರೆ ಏಳಡಿ. ನಿಂತಲ್ಲಿಂದ ಮೂರಡಿ ಹಾರ್ತಾನೆ. ಅರ್ಧ ಆಟಕ್ಕೇ ಹದಿನೇಳು ಪಾಯಿಂಟು. ಅವನಾದ್ಮೇಲೆ…"

"ಧರಣಿ, ನಿನ್ನ ಪುಸ್ತಕದಲ್ಲಿ ಇರೋರು ಹುಡುಗರೋ, ತೆಂಗಿನಮರಗಳೋ?"

ಅವಳಿಗೆ ನಗು ಬಂತು, ಸಿಟ್ಟೂ ಬಂತು. "ಅಳೀದೆ ಹೆಂಗೆ ಆರಿಸೋದು ಮೇಷ್ಟ್ರೇ?"

"ಅಳೆದದ್ದು ಸರಿಯಾಗೇ ಇದೆ. ಇಲ್ಲಿ ಕೂತ್ಕೋ." ಅವರು ಬೆಂಚಿನ ಮೇಲೆ ಜರುಗಿ ಜಾಗ ಮಾಡಿದರು. "ಮುಖ ಹೊಳೆ ಕಡೆಗೆ."

"ಆಟ?"

"ಆಟ ಎಲ್ಲಿಗೂ ಹೋಗಲ್ಲ, ನಿನ್ನ ಹಿಂದೇನೇ ನಡೆಯುತ್ತೆ."

ಸೀಟಿ ಕೇಳಿಸಿತು. ಧರಣಿ ಚಡಪಡಿಸಿದಳು. ಜೀವನದ ಅತಿ ಮುಖ್ಯವಾದ ಆಟಕ್ಕೆ ಬೆನ್ನು ತಿರುಗಿಸಿ, ಎದುರು ದಡದಲ್ಲಿ ಮೈ ತೊಳೆಸಿಕೊಳ್ಳುತ್ತಿದ್ದ ಎಮ್ಮೆಗಳನ್ನು ನೋಡುತ್ತ ಕೂರುವುದೆಂದರೇನು? ಎರಡು ಸಲ ಕತ್ತು ತಿರುಗಿಸಿದಳು. ಎರಡು ಸಲವೂ ಮೇಷ್ಟ್ರು ಅವಳ ಮಡಿಲಿಗೆ ಕಡಲೆಕಾಯಿ ಸಿಪ್ಪೆ ಎಸೆದರು.

"ಏನು ಕೇಳಿಸ್ತಿದೆ?" ಎಂದು ಕೇಳಿದರು.

"ಗಲಾಟೆ."

ಇನ್ನಷ್ಟು ಹೊತ್ತು ಕಳೆಯಿತು.

"ಈಗ?"

"‘ಕೊಡು’ ಅಂತಿದ್ದಾರೆ. ಇಲ್ಲಿ ಕೊಡು, ನಂಗೆ ಕೊಡು, ಬೇಗ ಕೊಡು. ಎಲ್ರೂ ಅದನ್ನೇ ಅಂತಾರೆ."

"ಎಲ್ರೂನಾ?"

ಧರಣಿ ಕಣ್ಣು ಮುಚ್ಚಿದಳು. ಚೆಂಡಿನ ಸದ್ದು, ಶೂಗಳ ಕಿರಗುಟ್ಟುವಿಕೆ, ಕೊಡು, ಕೊಡು. ಅದರ ಮಧ್ಯೆ ಒಂದು ದಪ್ಪ ದನಿ. ಅದು ಕೂಗುತ್ತಿರಲಿಲ್ಲ, ಪಕ್ಕದವನಿಗೆ ಕೇಳಿಸುವಷ್ಟೇ ಹೇಳುತ್ತಿತ್ತು: ‘ಹೋಗು, ಇದ್ದೀನಿ.’ ಸ್ವಲ್ಪ ಹೊತ್ತಿಗೆ ಇನ್ನೊಂದು ಮೂಲೆಯಿಂದ ಅದೇ ದನಿ: ‘ಹೆದರಬೇಡ, ಹಿಂದೆ ಇದ್ದೀನಿ.’

ಆ ದನಿ ಬಂದಲ್ಲೆಲ್ಲ ಶೂಗಳ ಸದ್ದು ಧೈರ್ಯವಾಗಿ ಮುಂದೆ ಓಡುತ್ತಿತ್ತು. ಅವಳು ಎಮ್ಮೆಗಳನ್ನು ಮರೆತಳು.

ಇದ್ದಕ್ಕಿದ್ದಂತೆ ಸದ್ದು ಕೆಟ್ಟಿತು. ಶೂಗಳು ತಡವರಿಸಿದವು. ‘ಯಾರೋ ಅವನನ್ನ ಹಿಡಿಯೋದು?’ ‘ನೀನು ಕಣೋ!’ ‘ನಾನಲ್ಲ!’

"ಆ ‘ಇದ್ದೀನಿ’ ಹುಡುಗನನ್ನ ಆಚೆ ಕೂರಿಸಿದ್ರು" ಎಂದಳು ಧರಣಿ.

"ನೋಡಿದ್ಯಾ?"

"ಇಲ್ಲ ಮೇಷ್ಟ್ರೇ."

"ಹೌದಾ" ಎಂದು ಮುದ್ದಯ್ಯನವರು ಇನ್ನೊಂದು ಕಡಲೆಕಾಯಿ ಬಿಡಿಸಿದರು.

ಆಟ ಮುಗಿಯಿತು. ಪೃಥ್ವಿರಾಜನದು ಮೂವತ್ತೊಂದು ಪಾಯಿಂಟು. ಅವನ ಸುತ್ತ ಫೋನು ಹಿಡಿದವರ ಗುಂಪು. ಧರಣಿ ನಲ್ಲಿಯ ಹತ್ತಿರ ಆ ದಪ್ಪ ದನಿಯನ್ನು ಹುಡುಕಿಕೊಂಡು ಹೋದಳು. ಹನ್ನೊಂದನೇ ನಂಬರಿನ, ಎತ್ತರವೂ ಅಲ್ಲದ ಗಿಡ್ಡನೂ ಅಲ್ಲದ ಒಬ್ಬ ಮುಖ ತೊಳೆಯುತ್ತಿದ್ದ.

"ನಿನ್ನ ಹೆಸರೇನಪ್ಪ?"

"ಶ್ರೀಕಂಠ ಅಕ್ಕ." ಅವನು ನಕ್ಕ. "ನಮ್ಮನ್ನ ಆರಿಸೋಕೆ ಬಂದು ನೀವು ಆಟಾನೇ ನೋಡ್ಲಿಲ್ವಲ್ಲ."

"ಚೆನ್ನಾಗೇ ನೋಡಿದೆ ಕಣೋ" ಎಂದಳು. ಅವಳಿಗೆ ಖುಷಿ ತಡೆಯಲಾಗಲಿಲ್ಲ.

ಬೆಂಚಿಗೆ ಮರಳಿ ಪೆನ್ನು ತೆರೆಯುವ ಹೊತ್ತಿಗೆ ಆ ಖುಷಿ ಸೋರಿಹೋಗಿತ್ತು. ಗಂಟೆ ನಾಲ್ಕೂವರೆ ದಾಟಿತ್ತು.

"ಬರೀ ನಾಲ್ಕು ಪಾಯಿಂಟು ಮೇಷ್ಟ್ರೇ ಅವನದು. ಈ ಹೆಸರು ಕಂಡ್ರೆ ಕ್ಲಬ್ಬಿನವರು ನಗ್ತಾರೆ."

"ನಗಲಿ. ಅವರಿಗೂ ಒಂದಿಷ್ಟು ನಗು ಬೇಡ್ವಾ?"

"ನೀವೇ ಹೇಳಿಬಿಡಿ. ಪೃಥ್ವಿರಾಜನೋ, ಇವನೋ?"

"ಸಹಿ ಯಾರದು?"

"ನಂದು."

"ಹಾಗಾದ್ರೆ ನನ್ನನ್ಯಾಕೆ ಕೇಳ್ತೀಯ?"

ಅವಳು ಕಾಗದವನ್ನು ತೊಡೆಯ ಮೇಲಿಟ್ಟುಕೊಂಡು ‘ಶ್ರೀ’ ಎಂದು ಬರೆದಳು. ಅಲ್ಲಿಗೇ ಕೈ ನಿಂತಿತು.

"ಭಯ ಆಗ್ತಿದೆ ಮೇಷ್ಟ್ರೇ" ಎಂದಳು. "ಇವನು ಸರಿಹೋಗ್ಲಿಲ್ಲ ಅಂದ್ರೆ ನನ್ನ ಕೆಲಸ ಹೋಗುತ್ತೆ. ಆಮೇಲೆ ನಂಗೆ ಯಾರಿದ್ದಾರೆ?"

ಮುದ್ದಯ್ಯನವರು ಜೇಬಿನಲ್ಲಿ ಉಳಿದಿದ್ದ ಕಡಲೆಕಾಯಿಯನ್ನೆಲ್ಲ ತೆಗೆದು ಅವಳ ಪಕ್ಕದಲ್ಲಿಟ್ಟರು. ಎದ್ದು ಬಂದು ಅವಳ ಬೆನ್ನ ಹಿಂದೆ ನಿಂತರು.

"ಬರಿ," ಎಂದರು. "ಇದ್ದೀನಿ."