ಹದಿನೆಂಟನೆಯ ಗರಿ

ವರದಾ ನದಿಯ ದಡದಲ್ಲಿ ಗಣಿತಜ್ಞ ತ್ರಿವಿಕ್ರಮಾರ್ಯರ ಆಶ್ರಮ. ಅಲ್ಲಿ ಹೋಮವಿಲ್ಲ, ಪುರಾಣವಿಲ್ಲ, ಬರೀ ಲೆಕ್ಕ.

"ಇದರಿಂದ ಯಾರ ಹೊಟ್ಟೆ ತುಂಬುತ್ತೆ ಸ್ವಾಮಿ?" ಎಂದು ಅಂಬಿಗ ಕೇಳುತ್ತಿದ್ದ.

"ನನ್ನದಂತೂ ತುಂಬಿದೆ" ಎಂದು ಗುರುಗಳು ನಗುತ್ತಿದ್ದರು.

ಎರಡು, ಮೂರು, ಐದು, ಏಳು. ತನ್ನಿಂದ ಮತ್ತು ಒಂದರಿಂದ ಬಿಟ್ಟರೆ ಬೇರಾವುದರಿಂದಲೂ ಭಾಗವಾಗದ ಇಂಥ ಸಂಖ್ಯೆಗಳ ಹಿಂದೆ ಅವರು ಮೂವತ್ತು ವರ್ಷ ಬಿದ್ದಿದ್ದರು. ಅವುಗಳಿಗೆ ಕೊನೆಯಿಲ್ಲ ಎಂದು ಸಾಧಿಸಿ ಗ್ರಂಥ ಬರೆದಿದ್ದರು. ಅದನ್ನು ಕಲಿಯಲು ಎಲ್ಲೆಲ್ಲಿಂದಲೋ ಪಂಡಿತರು ಬರುತ್ತಿದ್ದರು.

ಆಶ್ರಮಕ್ಕೊಂದು ಕಟ್ಟಳೆಯಿತ್ತು. ಸಾಧಿಸುವವರು ಮಣೆಯ ಮೇಲೆ, ಪ್ರಶ್ನಿಸುವವರು ನೆಲದ ಮೇಲೆ. ಮಣೆ ಎಂದರೆ ಗುರುಗಳದ್ದೇ ಎಂದು ಎಲ್ಲರೂ ತಿಳಿದುಬಿಟ್ಟಿದ್ದರು.

ಆ ಗ್ರಂಥ ದೂರದ ವಿದ್ಯಾಪೀಠಕ್ಕೆ ದೋಣಿಯಲ್ಲಿ ಹೊರಡುವುದಿತ್ತು. ಓಲೆಗರಿಗಳ ಅಕ್ಷರಕ್ಕೆ ಮಸಿ ತುಂಬುವ ಕೆಲಸ ಶಿಷ್ಯ ಬೊಮ್ಮಯ್ಯನದು.

ಹದಿನೆಂಟನೆಯ ಗರಿಯಲ್ಲಿ ಗುರುಗಳು ಹೀಗೆ ಬರೆದಿದ್ದರು: 'ಎರಡರಿಂದ ಶುರುಮಾಡಿ ಇಂಥ ಸಂಖ್ಯೆಗಳನ್ನು ಸಾಲಾಗಿ ಒಂದಕ್ಕೊಂದು ಗುಣಿಸಿ, ಒಂದು ಕೂಡಿಸು. ಬಂದದ್ದೂ ಭಾಗವಾಗದ ಸಂಖ್ಯೆಯೇ.'

ಬೊಮ್ಮಯ್ಯ ಸುಮ್ಮನೆ ಮಾಡಿ ನೋಡಿದ. ಏಳರವರೆಗೆ ಗುಣಿಸಿದ, ಸರಿ. ಹನ್ನೊಂದರವರೆಗೆ ಗುಣಿಸಿದ, ಸರಿ. ಹದಿಮೂರರವರೆಗೆ ಹೋದಾಗ ಮೂವತ್ತು ಸಾವಿರದ ಮೂವತ್ತೊಂದು ಬಂತು. ಅದು ಐವತ್ತೊಂಬತ್ತರಿಂದ ಭಾಗವಾಯಿತು.

ಕೊನೆಯಿಲ್ಲವೆಂಬ ಗುರುಗಳ ಸಾಧನೆ ನಿಂತಿದ್ದೇ ಆ ಮಾತಿನ ಮೇಲೆ. ಅಂದು ಅವನಿಗೆ ಊಟ ಸೇರಲಿಲ್ಲ.

ಮರುದಿನ ಅವನೇ ಆ ಹೆಜ್ಜೆಯನ್ನು ಸರಿಪಡಿಸಿದ. ಗುರುಗಳ ಅಕ್ಷರವನ್ನೇ ಹೋಲುವಂತೆ ಹೊಸ ಗರಿ ಬರೆದು ಗ್ರಂಥಕ್ಕೆ ಸೇರಿಸಿದ. ಹಳೆಯದನ್ನು ತನ್ನ ಚಾಪೆಯ ಕೆಳಗಿಟ್ಟ.

ದೋಣಿ ಬಂದ ಬೆಳಿಗ್ಗೆ ಗುರುಗಳು ಮಣೆಯ ಮೇಲೆ ಕೂತು ಗ್ರಂಥ ತಿರುವಿದರು. ಒಂದು ಕಡೆ ಕೈ ನಿಂತಿತು.

"ಇದನ್ನು ಬರೆದವರು ಯಾರು?"

"ತಾವೇ, ಗುರುಗಳೇ."

"ಇಷ್ಟು ಚೆನ್ನಾಗಿ ನಾನು ಬರೆದಿರಲಿಲ್ಲ. ನನ್ನ ಗರಿ ಎಲ್ಲಿ?"

ಬೊಮ್ಮಯ್ಯ ಒಳಗೆ ಹೋಗಿ ಚಾಪೆ ಎತ್ತಿ ಗರಿ ತಂದುಕೊಟ್ಟ. ಐವತ್ತೊಂಬತ್ತರ ವಿಷಯವನ್ನೂ ಹೇಳಿದ.

ಗುರುಗಳು ಮರಳಿನ ಮೇಲೆ ಬೆರಳಿನಿಂದ ಭಾಗಿಸಿದರು. ಏನೂ ಉಳಿಯಲಿಲ್ಲ. ಇನ್ನೊಮ್ಮೆ ಭಾಗಿಸಿದರು. ಅವರಿಗೆ ನೋವಾಯಿತು. ವರ್ಷಗಟ್ಟಲೆ ಅದನ್ನೇ ಪಾಠ ಹೇಳಿದ್ದರು.

"ಗೊತ್ತಾಗಿ ಎಷ್ಟು ದಿನವಾಯಿತು?"

"ನಾಲ್ಕು ದಿನ."

"ನನಗೇಕೆ ಹೇಳಲಿಲ್ಲ?"

"ವಿದ್ಯಾಪೀಠದವರು ತಮ್ಮನ್ನು ನೋಡಿ ನಕ್ಕರೆ ನನ್ನಿಂದ ಸಹಿಸಲಾಗದು."

ಗುರುಗಳು ಮಣೆಯಿಂದ ಇಳಿದು ನೆಲದ ಮೇಲೆ ಕೂತರು.

"ಮಣೆ ಹತ್ತು."

"ಬೇಡ, ಗುರುಗಳೇ."

"ಸರಿಪಡಿಸಿದ್ದೇನೆ ಅನ್ನುತ್ತೀ. ನಾನಿನ್ನೂ ಒಪ್ಪಿಲ್ಲ. ಮಣೆಯ ಮೇಲೆ ಕೂತು ಸಾಧಿಸು."

ಬೊಮ್ಮಯ್ಯ ಮಣೆಯ ತುದಿಯಲ್ಲಿ ಕೂತ. "ಬಂದ ಸಂಖ್ಯೆ ತಾನೇ ಭಾಗವಾಗದ ಸಂಖ್ಯೆಯಾಗಿರಬಹುದು. ಇಲ್ಲವಾದರೆ ಅದನ್ನು ಭಾಗಿಸುವ, ತಾನು ಭಾಗವಾಗದ ಸಂಖ್ಯೆಯೊಂದು ಇರಲೇಬೇಕು. ಅದು ನಾವು ಗುಣಿಸಿದ ಸಂಖ್ಯೆಗಳ ಪಟ್ಟಿಯಲ್ಲಿಲ್ಲ."

"ಇಲ್ಲವೆಂದು ಹೇಗೆ ಹೇಳುತ್ತೀ?"

"ಪಟ್ಟಿಯ ಯಾವುದರಿಂದ ಭಾಗಿಸಿದರೂ ಒಂದು ಉಳಿಯುತ್ತದೆ."

"ಪಟ್ಟಿ ದೊಡ್ಡದಾದರೆ?"

"ಎಷ್ಟೇ ದೊಡ್ಡದಾಗಲಿ, ಕೂಡಿಸಿದ ಒಂದು ಉಳಿದೇ ಉಳಿಯುತ್ತದೆ. ಹೊಸದೊಂದು ಸಿಕ್ಕೇ ಸಿಗುತ್ತದೆ. ಕೊನೆಯಿಲ್ಲ ಎಂಬ ತಮ್ಮ ಮಾತು ನಿಲ್ಲುತ್ತದೆ, ಗುರುಗಳೇ."

ಗುರುಗಳು ಬಿಡಲಿಲ್ಲ. ಮಧ್ಯಾಹ್ನದವರೆಗೆ ಕೆದಕಿ ಕೆದಕಿ ಕೇಳಿದರು. ಅಂಬಿಗ ಎರಡು ಸಲ ಕೂಗಿ ಸುಮ್ಮನಾದ. ಅಷ್ಟರಲ್ಲಿ ಬೊಮ್ಮಯ್ಯ ಮಣೆಯ ಮಧ್ಯಕ್ಕೆ ಸರಿದು ಕಾಲು ಮಡಚಿ ಕೂತಿದ್ದ. ಅದು ಅವನಿಗೇ ಗೊತ್ತಿರಲಿಲ್ಲ.

"ಒಪ್ಪಿದೆ" ಎಂದರು ಗುರುಗಳು. ಅವರ ಮುಖ ಅರಳಿತ್ತು.

ಹೊಸ ಗರಿಯ ಅಂಚಿನಲ್ಲಿ 'ಇದು ಬೊಮ್ಮಯ್ಯನದು' ಎಂದು ಕೊರೆದರು. ಆಮೇಲೆ ತಮ್ಮ ಹಳೆಯ ಗರಿಯನ್ನು ಅದರ ಮುಂದೆಯೇ ಇಟ್ಟು, ಎರಡನ್ನೂ ಸೇರಿಸಿ ದಾರ ಪೋಣಿಸತೊಡಗಿದರು.

ಬೊಮ್ಮಯ್ಯ ಅವರ ಕೈ ಹಿಡಿದುಕೊಂಡ. "ಅದೇಕೆ, ಗುರುಗಳೇ? ಹೊಳೆಗೆ ಬಿಟ್ಟುಬಿಡೋಣ. ಸರಿಯಾದದ್ದು ಸಿಕ್ಕಿದೆಯಲ್ಲ."

ಗುರುಗಳು ಗಂಟು ಬಿಗಿದರು.

"ನನ್ನ ತಪ್ಪು ಯಾರಿಗೂ ಕಾಣದೆ ಹೋದರೆ, ನಾಳೆ ನಿನ್ನ ಶಿಷ್ಯ ನಿನ್ನ ಗರಿಯನ್ನೂ ಚಾಪೆಯ ಕೆಳಗಿಡುತ್ತಾನೆ."